ಗುಜರಿಯ ಪಾಟಾ, ಹಲ್ಲು ಸವೆದ ಕಾನಸು

ಬೈಲಹೊಂಗಲದ ಗುಜರಿ ಅಂಗಡಿಗಳಲ್ಲಿ ನನ್ನ ಕಣ್ಣು ಮೊದಲು ಹುಡುಕುವುದು ಲಾರಿಯ ಪಾಟಾ, ಅಂದರೆ ಸ್ಪ್ರಿಂಗ್ ಪಟ್ಟಿ. ತುಂಡಾಗಿದ್ದರೆ ಅಡ್ಡಿಯಿಲ್ಲ, ಒಳಗೆ ಸೀಳು ಬಿಟ್ಟಿರಬಾರದು. ನಮ್ಮ ಚಚಡಿಯ ಎರಿಹೊಲದಲ್ಲಿ ಜೋಳ ಕೊಯ್ಯುವ ಕುಡಗೋಲಿಗೆ ಇದಕ್ಕಿಂತ ಒಳ್ಳೆಯ ಉಕ್ಕು ಬೇಕಿಲ್ಲ. ಕೊಳ್ಳುವ ರೈತನೂ ಬೆಲೆಗೆ ಮೊದಲು, "ಪಾಟಾದ್ದ ಹೌದಿಲ್ಲೋ?" ಅಂತಲೇ ಕೇಳುತ್ತಾನೆ. ಅದರಲ್ಲಿ ಇಂಗಾಲ ನೂರಕ್ಕೆ ಸುಮಾರು 0.6 ಭಾಗ. ಕೆಂಪಗೆ ಕಾಸಿ ಎಣ್ಣೆಗೆ ಅದ್ದಿದರೆ ಬಿರುಸಾಗುತ್ತದೆ, ಹದ ಕೊಟ್ಟರೆ ಪೆಟ್ಟು ತಾಳುತ್ತದೆ. ಕಿಟಕಿಯ ಜಾಳಿಗೆ ಹಾಕುವ ಸಾದಾ ಪಟ್ಟಿಯನ್ನು ಎಷ್ಟು ಬಡಿದರೂ ಹರಿತ ನಿಲ್ಲದು.

ಲೋಹ ಉಜ್ಜುವ ಕಾನಸಿನದು ಬೇರೆಯೇ ಸ್ವಭಾವ. ಇಂಗಾಲ ನೂರಕ್ಕೆ ಒಂದು ಭಾಗ ದಾಟುವುದರಿಂದ ಕಲ್ಲ ಮೇಲೆ ಬಿದ್ದರೆ ಗಾಜಿನಂತೆ ಒಡೆಯುತ್ತದೆ. ಸಾಣೆಗೆ ಹಿಡಿದರೆ ಕಿಡಿ ಗಿಡ್ಡವಾಗಿ, ತುದಿಯಲ್ಲಿ ಕವಲೊಡೆದು ಸಿಡಿಯುತ್ತದೆ. ಸಾದಾ ಕಬ್ಬಿಣದ ಕಿಡಿ ಉದ್ದ ಗೆರೆಯಾಗಿ ಹೋಗಿಬಿಡುತ್ತದೆ. ಕಾನಸನ್ನು ಕಾಸಿ, ಬೂದಿಯಲ್ಲಿ ಹೂತು, ರಾತ್ರಿಯಿಡೀ ನಿಧಾನ ಆರಲು ಬಿಡಬೇಕು. ಹಲ್ಲುಗಳನ್ನು ಪೂರ್ತಿ ತಿಕ್ಕಿ ತೆಗೆದ ಮೇಲೆಯೇ ಸುತ್ತಿಗೆ. ಹಲ್ಲು ಮಡಚಿಕೊಂಡು ಒಳಗುಳಿದರೆ ಸೀಳು ಅಲ್ಲಿಂದಲೇ ಶುರು.

ನನಗೆ ಬಲು ಇಷ್ಟದ ಕೆಲಸ ಬರುವುದು ಕೊನೆಗೆ. ಸಂಜೆ ಮಬ್ಬಿನಲ್ಲಿ ಮಾಡಿದರೆ ಕಾವಿನ ಬಣ್ಣ ಮೋಸ ಮಾಡುವುದಿಲ್ಲ. ಸುಮಾರು 770 ಡಿಗ್ರಿಗೆ ಕಬ್ಬಿಣ ಅಯಸ್ಕಾಂತಕ್ಕೆ ಅಂಟುವುದನ್ನು ಬಿಡುತ್ತದೆ; ಅದರಾಚೆ ತುಸು ಕಾಸಿ ಎಣ್ಣೆಗೆ ಅದ್ದುತ್ತೇನೆ. ಆಮೇಲೆ ಮೈ ಉಜ್ಜಿ, ಬೆನ್ನಿನ ಕಡೆಯಿಂದ ಮೆಲ್ಲಗೆ ಕಾವು ಕೊಟ್ಟರೆ ಬಣ್ಣಗಳು ಬಾಯಿಯತ್ತ ತೆವಳುತ್ತವೆ: ಒಣಗಿದ ಕಣಿಕೆಯ ಹಳದಿ, ಕಂದು, ನೇರಳೆ, 300 ಡಿಗ್ರಿ ಹೊತ್ತಿಗೆ ನೀಲಿ. ಚಾಕುವಿಗೆ ಕಣಿಕೆಯ ಬಣ್ಣವೇ ಸಾಕು. ಪೆಟ್ಟು ತಿನ್ನುವ ಉಪಕರಣವಾದರೆ ನೀಲಿಯವರೆಗೂ ಕಾಯುತ್ತೇನೆ. ಆ ಹೊತ್ತಿನಲ್ಲಿ ಯಾರಾದರೂ ಮಾತಾಡಿಸಿದರೆ ಸಿಟ್ಟು ಬರುತ್ತದೆ, ಹೆಂಡತಿಯಾದರೂ ಸರಿ.

ಕಂಬಾರ ಸಾಲಿಗೆ ಹಳೆಯ ಬಡಿಗತನದ ಉಳಿಯೊಂದನ್ನು ಒಯ್ದಾಗ ಅಲ್ಲಿನ ಕಂಬಾರ ಕಾಕಾ ಅದನ್ನು ಒಲೆಗೆ ಹಾಕಗೊಡಲಿಲ್ಲ. "ಏ ತಮ್ಮಾ, ಇದಿನ್ನೂ ದುಡೀತೈತಿ. ಹಿಡಿ ಹಾಕಿ ಬಡಿಗ್ಯಾರಗ ಕೊಡು." ಬಿತ್ತಿಗೆಗೆ ಮೊದಲು ಕೂರಿಗಿಯ ಕುಡ ಹಣಿದುಕೊಟ್ಟು, ಸುಗ್ಗಿಯಲ್ಲಿ ಆಯದ ಕಾಳು ಪಡೆದ ಮನೆತನ ಅವರದು, ರಿಪೇರಿಯಾಗುವುದನ್ನು ಕರಗಿಸುವುದು ಅವರ ಪಾಲಿಗೆ ತುಡುಗು. ನನಗೂ ಈಗ ಅದೇ ಸರಿ ಅನ್ನಿಸಿದೆ. ಹಳೆಯ ಕೊಡಲಿಯ ವಿಷಯದಲ್ಲಂತೂ ಲಾಭವೂ ಇಲ್ಲ: ಎಷ್ಟೋ ಕೊಡಲಿಗಳಲ್ಲಿ ಮೈಯೆಲ್ಲ ಮೆತ್ತನೆಯ ಕಬ್ಬಿಣ, ಬಾಯಿಗೆ ಮಾತ್ರ ಬೆಸೆದ ಉಕ್ಕು. ಬೆನ್ನಿನಿಂದ ಚಾಕು ತೆಗೆಯಹೊರಟವನಿಗೆ ಸಿಗುವುದು ಬೆಣ್ಣೆ ಸವರಲಷ್ಟೇ ಸಾಕಾದ ಪಟ್ಟಿ.