ಪೇಟಿಯಿಂದ ಪಿಯಾನೋದವರೆಗೆ

ಜತ್ತ ತಾಲೂಕಿನ ಮುಚ್ಚಂಡಿಯ ಸುತ್ತಲಿನ ನಮ್ಮ ಸೀಮೆಯಲ್ಲಿ ಸಂಗೀತವೆಂದರೆ ಮೊದಲು ನೆನಪಾಗುವುದು ಪೇಟಿ. ಹಾರ್ಮೋನಿಯಮ್ಮಿಗೆ ಕನ್ನಡದವರೂ ಮರಾಠಿಯವರೂ ಇಲ್ಲಿ ಅದೇ ಹೆಸರಿಟ್ಟಿದ್ದಾರೆ. ಭಜನೆಗೆ ಕೈಪೇಟಿ, ನಾಟಕಕ್ಕೆ ಕಾಲುಪೇಟಿ. ಈ ನೆಲಕ್ಕೂ ರಂಗಭೂಮಿಗೂ ಹಳೆಯ ನಂಟು. ವಿಷ್ಣುದಾಸ ಭಾವೆಯವರು 1843ರಲ್ಲಿ ‘ಸೀತಾ ಸ್ವಯಂವರ’ವನ್ನು ಆಡಿಸಿದ್ದು ಸಾಂಗಲಿಯಲ್ಲಿ, 1880ರಲ್ಲಿ ‘ಸಂಗೀತ ಶಾಕುಂತಲ’ವನ್ನು ರಂಗಕ್ಕೆ ತಂದ ಅಣ್ಣಾಸಾಹೇಬ ಕಿರ್ಲೋಸ್ಕರರು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರು. ಕಂಪನಿ ನಾಟಕಗಳಲ್ಲಿ ರಂಗದ ಮುಂದೆ ಕುಳಿತು, ಕಾಲಿನಿಂದ ತಿದಿಯೊತ್ತುತ್ತ ಎರಡೂ ಕೈಗಳಿಂದ ನುಡಿಸುತ್ತಿದ್ದ ಪೇಟಿ ಮಾಸ್ತರರನ್ನು ನನ್ನ ವಯಸ್ಸಿನವರು ಮರೆತಿರಲಾರರು.

ಪೇಟಿ ಕೆಟ್ಟರೆ ಊರಿನಲ್ಲಿಯೇ ಉಪಾಯವಿತ್ತು. ಒಂದು ಸ್ವರ ಮೂಕವಾದರೆ ಹಿತ್ತಾಳೆಯ ರೀಡಿನ ನಾಲಗೆಯಡಿ ಧೂಳು ಕುಳಿತಿದೆಯೆಂದು ತಿಳಿದು, ತೆಳುವಾದ ಕಾಗದವನ್ನು ತೂರಿಸಿ ಮೆಲ್ಲನೆ ಎಳೆಯುತ್ತಿದ್ದರು. ಮಳೆಗಾಲದಲ್ಲಿ ಕಟ್ಟಿಗೆ ಉಬ್ಬಿ ಮನೆಗಳು ಸಿಕ್ಕಿಕೊಂಡರೆ ಎಳೆಬಿಸಿಲು ತೋರಿಸುತ್ತಿದ್ದರು. ತಿದಿ ಸೋರಿದರೆ ತೊಗಲಿನ ತೇಪೆ ಹಚ್ಚುತ್ತಿದ್ದರು. ತಂಬೂರಿ, ಸಿತಾರಗಳಿಗಂತೂ ಮಿರಜದ ಕುಶಲಿಗಳಿದ್ದಾರೆ. ಡಿಜಿಟಲ್ ಪಿಯಾನೋ ಬಂದಾಗ ಮಾತ್ರ ಈ ಪರಂಪರೆಗೆ ಒಮ್ಮೆಲೇ ಕೈಕಾಲು ಕಟ್ಟಿದಂತಾಯಿತು.

ನಮ್ಮ ಭಾಗದ ಒಂದು ಕನ್ನಡ ಶಾಲೆಗೆ ಪುಣೆ, ಮುಂಬಯಿಗಳಲ್ಲಿ ದುಡಿಯುವ ಹಳೆಯ ವಿದ್ಯಾರ್ಥಿಗಳು ವರ್ಗಣಿ ಹಾಕಿ ಅಂಥದೊಂದು ವಾದ್ಯವನ್ನು ಕೊಟ್ಟರು. ಒಂದು ವರ್ಷ ಮಕ್ಕಳು ವಚನವನ್ನೂ ಅಭಂಗವನ್ನೂ ಅದರೊಡನೆ ಹಾಡಿದರು. ಮರುವರ್ಷ ಸ್ನೇಹ ಸಮ್ಮೇಳನದ ಹೊತ್ತಿಗೆ ಅದು ಮೌನವಾಯಿತು. ದೀಪ ಹೊತ್ತುತ್ತಿತ್ತು, ದನಿ ಹೊರಡುತ್ತಿರಲಿಲ್ಲ. ಪೇಟೆಯ ರಿಪೇರಿಯವರೊಬ್ಬರು ತೆರೆದೂ ನೋಡದೆ, “ಒಳಗಿನ ಬೋರ್ಡು ಸುಟ್ಟಿದೆ, ಹೊಸದನ್ನೇ ಕೊಳ್ಳಿರಿ” ಎಂದುಬಿಟ್ಟರು. ಹೊಸದನ್ನು ಕೊಳ್ಳುವ ಶಕ್ತಿ ಶಾಲೆಗಿರಲಿಲ್ಲ. ವರ್ಗಣಿ ಕೊಟ್ಟವರಿಗೆ ಈ ಸಂಗತಿಯನ್ನು ತಿಳಿಸುವುದು ಹೇಗೆಂಬ ಸಂಕೋಚ ಬೇರೆ. ನಿವೃತ್ತನಾಗಿ ಮನೆಯಲ್ಲಿದ್ದ ನನಗೆ ಕರೆ ಬಂದಿತು.

ವಾದ್ಯದೊಡನೆ ಬಂದ ಕೈಪಿಡಿಯಲ್ಲಿ ಹಲವು ಭಾಷೆಗಳಿದ್ದವು, ಕನ್ನಡವಿರಲಿಲ್ಲ. ಇಂಗ್ಲಿಷ್ ಭಾಗವನ್ನು ನಾನು ಓದಿ ಕನ್ನಡದಲ್ಲಿ ಹೇಳುತ್ತ ಹೋದೆ. ಏಳನೆಯ ಇಯತ್ತೆಯ ಮಕ್ಕಳು ಅದರಂತೆ ಒಂದೊಂದನ್ನೇ ಪರೀಕ್ಷಿಸಿದರು. ದನಿಯ ಗುಂಡಿ ಪೂರ್ತಿ ಇಳಿದಿದೆಯೇ? ಇಲ್ಲ. ಕರೆಂಟಿನ ಅಡಾಪ್ಟರು ವಾದ್ಯದ ಜೊತೆ ಬಂದದ್ದೇ, ಬೇರೆ ವೋಲ್ಟೇಜಿನದೇ? ಜೊತೆಗೆ ಬಂದದ್ದೇ. ಹೆಡ್‌ಫೋನಿನ ರಂಧ್ರದಲ್ಲಿ ಏನಾದರೂ ಇದೆಯೇ? ಹಿಂದೆ ಬಗ್ಗಿ ನೋಡಿದ ಹುಡುಗಿ ಕೂಗಿದಳು: “ಸರ್, ಇಲ್ಲೇನೋ ಒಂದು ತುಂಡು ಸಿಕ್ಕೊಂಡೈತ್ರಿ!”

ಹೆಡ್‌ಫೋನನ್ನು ಕಿತ್ತವರು ಅದರ ತುದಿಗೆ ಜೋಡಿಸಿದ್ದ ಸಣ್ಣ ಪಿನ್ನನ್ನು ಒಳಗೇ ಬಿಟ್ಟಿದ್ದರು. ಯಾರೋ ಕಿವಿಗೆ ಹಾಕಿಕೊಂಡು ಕೇಳುತ್ತಿದ್ದಾರೆಂದು ಭಾವಿಸಿ ವಾದ್ಯವು ತನ್ನ ಸ್ಪೀಕರುಗಳನ್ನು ಮುಚ್ಚಿಕೊಂಡಿತ್ತು. ಪಿನ್ನು ತೆಗೆದೊಡನೆ ಷಡ್ಜ ಮೊಳಗಿತು.

ಆದರೆ ಇನ್ನೊಂದು ತೊಡಕಿತ್ತು. ಪೆಡಲನ್ನು ಮುಟ್ಟದಿದ್ದಾಗ ಸ್ವರಗಳು ಒಂದರ ಮೇಲೊಂದು ಬಿದ್ದು ಕಲಸಿಹೋಗುತ್ತಿದ್ದವು; ಒತ್ತಿದರೆ ಕಡಿದುಹೋಗುತ್ತಿದ್ದವು. ಕಾಲುಪೇಟಿಯ ಪೆಡಲು ನಾದಕ್ಕೆ ಉಸಿರು ಕೊಡುತ್ತದೆ. ಪಿಯಾನೋದ ಬಲಗಡೆಯ ಪೆಡಲು ಹುಟ್ಟಿದ ನಾದವನ್ನು ಹಿಡಿದಿಡುತ್ತದೆ. ತಂತಿಯ ಪಿಯಾನೋದಲ್ಲಿ ಅದನ್ನೊತ್ತಿದಾಗ ತಂತಿಗಳನ್ನು ತಡೆಯುವ ಮೆತ್ತೆಗಳು ದೂರ ಸರಿಯುತ್ತವೆ. ಡಿಜಿಟಲ್ಲಿನಲ್ಲಿ ತಂತಿಯೇ ಇಲ್ಲ. ನಮ್ಮದರಂಥ ಸಾದಾ ಪೆಡಲು ಬರಿಯ ಒಂದು ಸ್ವಿಚ್ಚು. ಕೆಲವು ಪೆಡಲುಗಳು ಒತ್ತಿದಾಗ ಸಂಪರ್ಕ ಕೂಡಿಸುತ್ತವೆ, ಕೆಲವು ಬಿಡಿಸುತ್ತವೆ. ಯಾವುದು ಯಾವ ಬಗೆಯದೆಂಬುದನ್ನು ಅನೇಕ ವಾದ್ಯಗಳು ಚಾಲೂ ಆಗುವ ಕ್ಷಣದಲ್ಲಿ ಗುರುತಿಸಿಕೊಳ್ಳುತ್ತವೆ. ಆಗ ಪೆಡಲಿನ ಮೇಲೆ ಕಾಲಿದ್ದರೆ, ಒತ್ತಿದ್ದನ್ನೇ ಬಿಟ್ಟದ್ದೆಂದು ತಿಳಿದು ಎಲ್ಲವನ್ನೂ ತಿರುವು ಮುರುವು ಮಾಡುತ್ತವೆ. ವಾದ್ಯವನ್ನು ಆರಿಸಿ, ಪೆಡಲಿನ ಪಿನ್ನನ್ನು ಗಟ್ಟಿಯಾಗಿ ಕೂಡಿಸಿ, ಕಾಲು ತೆಗೆದು ಮತ್ತೆ ಚಾಲೂ ಮಾಡಿದೆವು. ಸರಿಹೋಯಿತು. ಒಂದು ಕಾಸೂ ಖರ್ಚಾಗಲಿಲ್ಲ.

ಅಂದು ಆ ಹುಡುಗಿಯಿಂದಲೇ ಒಂದು ಹಾಳೆ ಬರೆಯಿಸಿ ಗೋಡೆಗೆ ಅಂಟಿಸಿದೆವು. ಅದರ ಮಾತುಗಳು ಹೀಗಿದ್ದವು: “ಚಾಲೂ ಮಾಡುವಾಗ ಪೆಡಲಿನ ಮೇಲೆ ಕಾಲಿಡಬೇಡಿರಿ. ದನಿ ಬರದಿದ್ದರೆ ಹೆಡ್‌ಫೋನಿನ ರಂಧ್ರ ನೋಡಿರಿ. ಶ್ರುತಿ ಬೇರೆಯಾಗಿದ್ದರೆ ಟ್ರಾನ್ಸ್‌ಪೋಸ್ ಸೊನ್ನೆಗೆ ತನ್ನಿರಿ. ಗುಂಯ್‌ಗುಟ್ಟಿದರೆ ಕರೆಂಟಿನ ಅರ್ಥಿಂಗ್ ತೋರಿಸಿರಿ. ನುಡಿಸಿದ ಮೇಲೆ ಅರಿವೆ ಹೊದಿಸಿರಿ.” ಕೊನೆಯ ಮಾತು ನಮ್ಮ ಬರಗಾಲದ ಸೀಮೆಗೆ ಬಹಳ ಮುಖ್ಯ. ಮನೆಗಳಡಿಯ ರಬ್ಬರಿನ ಸಂಪರ್ಕಗಳಲ್ಲಿ ಧೂಳು ಸೇರಿದರೆ ಒಂದು ಸ್ವರ ಮೂಕವಾಗುತ್ತದೆ, ಇಲ್ಲವೆ ಅಕಾರಣವಾಗಿ ಅಬ್ಬರಿಸುತ್ತದೆ. ಅದನ್ನು ಬಿಚ್ಚಿ ಒರೆಸುವುದು ತಿಳಿದವರ ಕೆಲಸ. ಧೂಳು ಹೋಗದಂತೆ ಕಾಯುವುದು ನಮ್ಮ ಕೈಯಲ್ಲಿದೆ.

ಸಂಘದ ಬಂಧುಗಳಲ್ಲಿ ನನ್ನ ಅರಿಕೆಯೊಂದಿದೆ. ಕಥೆ, ಕವಿತೆಗಳಷ್ಟೇ ಸಾಹಿತ್ಯವೆಂದು ನಾವು ತಿಳಿಯಬಾರದು. ಪಂಪುಸೆಟ್ಟು, ಗಣಕಯಂತ್ರ, ಪಿಯಾನೋ ಯಾವುದೇ ಇರಲಿ, ಬಲ್ಲವರು ಒಂದು ಹಾಳೆಯನ್ನು ತಿಳಿಗನ್ನಡದಲ್ಲಿ ಬರೆದು ಊರ ಶಾಲೆಗೆ ಕಳಿಸಿಕೊಡಿರಿ. ಗಡಿಯ ಮಕ್ಕಳು ದಿನನಿತ್ಯದ ಕೆಲಸಕ್ಕೆ ಕನ್ನಡವನ್ನು ಓದುವಂತಾದರೆ, ಈ ಭಾಷೆಯನ್ನು ಉಳಿಸಿರೆಂದು ಅವರಿಗೆ ಬೇರೆ ಉಪದೇಶ ಬೇಕಾಗದು. ಆ ಹುಡುಗಿ ಈಗ ಪ್ರೌಢಶಾಲೆಗೆ ಹೋಗಿದ್ದಾಳೆ. ಅವಳ ಹಾಳೆ ಅಲ್ಲಿಯೇ ಇದೆ. ಅಂಚು ಹರಿದಾಗ ಕೆಳಗಿನ ತರಗತಿಯವರು ಅದನ್ನು ಹೊಸದಾಗಿ ಬರೆದು ಅಂಟಿಸಿದ್ದಾರೆ.