ಮಣಲಿಯ ಒಂದು ಮನೆ

ಮಣಲಿಗೆ ಹೋಗಿ ಒಂದು ರಾತ್ರಿ ಇದ್ದು ಬರುತ್ತೇವೆಂದು ಹೇಳಿದಾಗ ನಮ್ಮ ಎದುರುಮನೆಯವರು, “ಈ ಜನವರಿ ಚಳಿಯಲ್ಲೆ? ಉಣ್ಣೆಯ ಬಟ್ಟೆ ಇದೆಯಷ್ಟೆ?” ಎಂದು ಕೇಳಿದರು. ಅವರ ಮನಸ್ಸಿನಲ್ಲಿದ್ದುದು ಹಿಮಾಚಲದ ಮನಾಲಿ. ನಾವು ಹೊರಟದ್ದು ಚೆನ್ನೈಯ ಉತ್ತರದ ಅಂಚಿನಲ್ಲಿರುವ ಮಣಲಿಗೆ. ಅಲ್ಲಿ ಹಿಮವೂ ಇಲ್ಲ, ಸೇಬಿನ ತೋಟವೂ ಇಲ್ಲ. ಸಂಗತಿ ತಿಳಿದ ಮೇಲೆ ಅವರು ಇನ್ನಷ್ಟು ಬೆರಗಾದರು. “ಅಲ್ಲಿ ನೋಡುವಂಥದ್ದು ಏನಿದೆ?” ಎಂದರು. “ಒಂದು ಮನೆ ಇದೆ” ಎಂದೆವು.

ಆ ಮನೆಯವರು ಹಿಂದೆ ಪೆರಂಬೂರಿನಲ್ಲಿ ನಮ್ಮ ಪಕ್ಕದವರು. ಮಂಗಳೂರಿನ ಕಡೆಯ ಕ್ರೈಸ್ತ ಕುಟುಂಬ. ಯಜಮಾನರಿಗೆ ಮಣಲಿಯ ಕಾರ್ಖಾನೆಯೊಂದರಲ್ಲಿ ಪಾಳಿಯ ಕೆಲಸ. ಅವರ ಹೆಂಡತಿ ನಮಗೆ ಅಕ್ಕ. ಎಂಬತ್ತು ದಾಟಿದ ಅಜ್ಜಿ, ಪಾಲಿಟೆಕ್ನಿಕ್ ಓದುವ ಮಗ, ಎಂಟನೆಯ ತರಗತಿಯ ಮಗಳು, ಇಷ್ಟು ಜನ. ಬನ್ನಿ ಬನ್ನಿ ಎಂದು ಎಷ್ಟೋ ಸಲ ಕರೆದಿದ್ದರು, ಹೋಗಲಾಗಿರಲಿಲ್ಲ. ನಿಜ ಹೇಳಬೇಕೆಂದರೆ ಹೋಗುವ ಉತ್ಸಾಹವೂ ಇರಲಿಲ್ಲ. ಮಗಳು ಕೆಲಸಕ್ಕೆಂದು ದೂರದ ಊರಿಗೆ ಹೋದ ಮೇಲೆ ನಮ್ಮ ಮನೆಯ ಊಟದ ಮೇಜು ಹಳೆಯ ಪತ್ರಿಕೆಗಳ ರಾಶಿಯಾಗಿತ್ತು. ಒಬ್ಬರು ಎಂಟಕ್ಕೆ ಉಂಡರೆ ಮತ್ತೊಬ್ಬರು ಹತ್ತಕ್ಕೆ. ಒಬ್ಬರು ಟೀವಿಯ ಮುಂದೆ, ಮತ್ತೊಬ್ಬರು ಅಡಿಗೆಮನೆಯಲ್ಲಿ ನಿಂತುಕೊಂಡು. ಜಗಳವೇನೂ ಇರಲಿಲ್ಲ. ಜಗಳವಾಡುವಷ್ಟು ಮಾತೂ ಉಳಿದಿರಲಿಲ್ಲ.

2025ರ ಜನವರಿಯ ಒಂದು ಶನಿವಾರ ಮಧ್ಯಾಹ್ನ ಹೊರಟೆವು. ಮೆಟ್ರೋ ರೈಲು ಈಗ ವಿಮ್ಕೋ ನಗರದ ತನಕ ಹೋಗುತ್ತದೆ. ನಾವು ತಿರುವೊಟ್ಟಿಯೂರು ತೇರಡಿಯಲ್ಲಿ ಇಳಿದು, ತ್ಯಾಗರಾಜಸ್ವಾಮಿಯ ಪುರಾತನ ದೇವಾಲಯಕ್ಕೆ ಕೈಮುಗಿದು, ಆಟೋ ಹಿಡಿದೆವು. ಬಕಿಂಗ್‌ಹ್ಯಾಂ ಕಾಲುವೆ ದಾಟಿದ ಮೇಲೆ ಊರಿನ ಬಣ್ಣವೇ ಬದಲಾಗುತ್ತದೆ. ಬಂದರಿಗೆ ಹೋಗುವ ಕಂಟೇನರ್ ಲಾರಿಗಳ ಸಾಲು, ರಸ್ತೆಯ ಪಕ್ಕದಲ್ಲಿ ದಪ್ಪ ಕೊಳವೆಗಳು, ದೂರದಲ್ಲಿ ಬೆಂಕಿಯ ನಾಲಗೆ ಚಾಚಿದ ಎತ್ತರದ ಕಂಬ. ಒಂದು ಕಾಲಕ್ಕೆ ಇದೂ ಹಳ್ಳಿಯೇ. 1969ರಲ್ಲಿ ಇಲ್ಲಿ ಕಚ್ಚಾ ಎಣ್ಣೆ ಶುದ್ಧಿಮಾಡುವ ಕಾರ್ಖಾನೆ ಕೆಲಸ ಆರಂಭಿಸಿತು. ಅನಂತರ ಗೊಬ್ಬರದ್ದು, ರಾಸಾಯನಿಕಗಳದ್ದು ಒಂದರ ಹಿಂದೊಂದು ಬಂದವು. 2011ರಲ್ಲಿ ಮಣಲಿ ಚೆನ್ನೈ ಮಹಾನಗರಪಾಲಿಕೆಗೆ ಸೇರಿತು. ಗಾಳಿ ಬೀಸುವ ದಿಕ್ಕನ್ನು ಇಲ್ಲಿನವರು ಮೂಗಿನಿಂದಲೇ ಹೇಳುತ್ತಾರೆ.

ಶಾಂತಿ ಎಂದರೆ ಹಸಿರು ಗುಡ್ಡ, ಹರಿಯುವ ಹೊಳೆ, ಹಕ್ಕಿಯ ದನಿ ಎಂದು ನಾವೆಲ್ಲ ಎಣಿಸಿದ್ದೇವಷ್ಟೆ. ಆ ಲೆಕ್ಕದಲ್ಲಿ ಮಣಲಿಗೆ ಸೊನ್ನೆ ಅಂಕ.

ಅಕ್ಕ ಬಾಗಿಲಲ್ಲೇ ನಿಂತಿದ್ದರು. “ಬನ್ನಿ, ಬನ್ನಿ. ದಾರಿ ಸಿಕ್ಕಿತಾ? ಕಾಲು ತೊಳೆಯಿರಿ, ಚಾ ಆಗಿದೆ” ಎಂದರು. ಎರಡು ಕೋಣೆ, ಒಂದು ನಡುಮನೆಯ ಸಣ್ಣ ಮನೆ. ಬಾಗಿಲ ಹಿಂದೆ ಕೊಡೆ, ಅದರ ಮೇಲೆ ಬೀಗದ ಕೈ. ಕಿಟಕಿಯ ಬಳಿ ಒರೆಸುವ ಬಟ್ಟೆ. ಆ ಬಟ್ಟೆಯಿಂದ ಸರಳುಗಳನ್ನು ದಿನಕ್ಕೆ ಎರಡು ಬಾರಿ ಒರೆಸುತ್ತಾರೆ. ಎರಡು ಬಾರಿಯೂ ಬಟ್ಟೆ ಕಪ್ಪಾಗುತ್ತದೆ. “ಬೇಸರವಾಗುವುದಿಲ್ಲವೆ?” ಎಂದು ಕೇಳಿದೆವು. “ಹೊರಗಿನ ಗಾಳಿ ನನ್ನ ಕೈಯಲ್ಲಿಲ್ಲ. ಕಿಟಕಿ ನನ್ನ ಕೈಯಲ್ಲಿ ಉಂಟಲ್ಲ” ಎಂದು ನಕ್ಕರು.

ಅಡಿಗೆಮನೆಯ ಗೋಡೆಯ ಮೇಲೆ ಒಂದು ಕಾಗದ ಅಂಟಿಸಿತ್ತು. ಯಜಮಾನರ ಪಾಳಿಯ ಪಟ್ಟಿ ಅದು. ಅದರ ಕೆಳಗೆ ಮಗಳ ಅಕ್ಷರದಲ್ಲಿ ಇನ್ನೊಂದು ಪಟ್ಟಿ, ಮನೆಪ್ರಾರ್ಥನೆಯದು. ಬೆಳಗಿನ ಪಾಳಿಯ ವಾರ ಪ್ರಾರ್ಥನೆ ರಾತ್ರಿ ಏಳೂವರೆಗೆ; ಮಧ್ಯಾಹ್ನದ ಪಾಳಿಯಾದರೆ ಬೆಳಿಗ್ಗೆ ಆರೂವರೆಗೆ; ರಾತ್ರಿ ಪಾಳಿಯಾದರೆ ಅವರು ಕೆಲಸಕ್ಕೆ ಹೊರಡುವ ಮುಂಚೆ. ಗಡಿಯಾರದ ಮುಳ್ಳು ಬದಲಾದರೂ, ದಿನಕ್ಕೊಮ್ಮೆ ಐವರೂ ಒಂದೆಡೆ ಕೂಡುವುದು ಮಾತ್ರ ಬದಲಾಗುವುದಿಲ್ಲ. ಕ್ರಮವೆಂದರೆ ಒಂದೇ ಗಂಟೆಗೆ ಒಂದೇ ಕೆಲಸ ಮಾಡುವುದೆಂದು ತಿಳಿದಿದ್ದ ನಮಗೆ ಇದು ಹೊಸ ಪಾಠ.

ಶನಿವಾರ ಸಂಜೆ ಅಲ್ಲಿ ಎಲ್ಲರಿಗೂ ಕೆಲಸ. ಮಗ ನೀರು ತುಂಬಿಸಿಟ್ಟ. ಯಜಮಾನರು ಬಚ್ಚಲು ತಿಕ್ಕಿದರು. ಮಗಳು ಐದು ಜೊತೆ ಚಪ್ಪಲಿ, ಬೂಟುಗಳನ್ನು ಒರೆಸಿ ಸಾಲಾಗಿಟ್ಟಳು. ಅಜ್ಜಿ ಮಂಗಳೂರಿನಿಂದ ರೈಲಿನಲ್ಲಿ ಬಂದ ಕುಚ್ಚಲಕ್ಕಿಯನ್ನು ಆರಿಸಿದರು. ನೀರುದೋಸೆಗೆ ಬೆಳ್ತಿಗೆ ಅಕ್ಕಿ ನೆನೆಹಾಕಿದ್ದಾಯಿತು. ಭಾನುವಾರ ಬಟ್ಟೆ ಒಗೆಯುವುದಿಲ್ಲ, ಹೆಚ್ಚಿನ ಅಡಿಗೆಯೂ ಇಲ್ಲ; ಅಂದು ಅಕ್ಕನಿಗೂ ರಜೆ. ವಿಶ್ರಾಂತಿಯ ದಿನವೆಂದು ಹೇಳಿ ಮನೆಯಾಕೆಯನ್ನು ಮಾತ್ರ ಒಲೆಯ ಮುಂದೆ ನಿಲ್ಲಿಸಿದರೆ ಅದು ವಿಶ್ರಾಂತಿಯ ದಿನವಾಗುವುದಿಲ್ಲವೆಂದು ಯಜಮಾನರೇ ಹೇಳಿದರು. ಬೈಬಲಿನ ಮಾರ್ತ, ಮರಿಯ ಎಂಬ ಅಕ್ಕತಂಗಿಯರ ಕಥೆಯನ್ನು ಎತ್ತಿಕೊಂಡು ಅಕ್ಕ, “ಎಲ್ಲರೂ ಮಾರ್ತಳನ್ನು ಬೈಯುತ್ತಾರೆ. ಪಾತ್ರೆಗೆ ಒಂದು ಕೈ ಸೇರಿಸಿದ್ದರೆ ಅವಳೂ ಬಂದು ಕೂತುಕೊಳ್ಳುತ್ತಿದ್ದಳು” ಎಂದರು. ನಮ್ಮಲ್ಲಿ ಒಬ್ಬರು ಮತ್ತೊಬ್ಬರ ಮುಖ ನೋಡಿದೆವು.

ಈ ಶಿಸ್ತು ಎಲ್ಲಿಂದ ಬಂತೆಂದು ಅಜ್ಜಿಯನ್ನು ಕೇಳಿದೆವು. ಅವರ ಅಜ್ಜ ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನ ಹೆಂಚಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದವರಂತೆ. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ 1815ರಲ್ಲಿ ಹುಟ್ಟಿದ ಆ ಸಂಸ್ಥೆಯ ಮೊದಲ ಮೂವರು ಪಾದ್ರಿಗಳು ಮಂಗಳೂರಿಗೆ ಬಂದದ್ದು 1834ರಲ್ಲಿ. 1841ರಲ್ಲಿ ಮುದ್ರಣಾಲಯ, 1851ರಲ್ಲಿ ನೇಯ್ಗೆ, 1865ರಲ್ಲಿ ಹೆಂಚು. 1843ರಲ್ಲಿ ಕನ್ನಡದ ಮೊದಲ ಪತ್ರಿಕೆಯಾದ ‘ಮಂಗಳೂರ ಸಮಾಚಾರ’ವನ್ನು ಹೊರತಂದ ಮೋಗ್ಲಿಂಗರೂ, 1894ರಲ್ಲಿ ಮಹಾನಿಘಂಟನ್ನು ಕೊಟ್ಟ ಕಿಟ್ಟೆಲರೂ ಆ ಮಿಶನ್ನಿನವರೇ ಎಂಬುದು ಓದುಗರಿಗೆ ಗೊತ್ತಿದೆ. ಅಜ್ಜಿಗೆ ನೆನಪಿರುವುದು ಅದಕ್ಕಿಂತ ಸಣ್ಣ ಸಂಗತಿಗಳು: ಕಾರ್ಖಾನೆಯಲ್ಲಿ ದಿನದ ಕೆಲಸ ಪ್ರಾರ್ಥನೆಯಿಂದ ಆರಂಭವಾಗುತ್ತಿತ್ತೆಂದು ಹಿರಿಯರು ಹೇಳುತ್ತಿದ್ದುದು, ಜರ್ಮನ್ ರಾಗಗಳಿಗೆ ಕನ್ನಡದ ಮಾತು ಕೂಡಿಸಿದ ಗೀತೆಗಳನ್ನು ಮನೆಮಂದಿಯೆಲ್ಲ ಹಾಡುತ್ತಿದ್ದುದು, ಮಕ್ಕಳು ದಿನಕ್ಕೊಂದು ವಾಕ್ಯ ಬಾಯಿಪಾಠ ಒಪ್ಪಿಸುತ್ತಿದ್ದುದು.

ಇಂತಹ ಮನೆಯ ರೂಢಿಗಳು ಬೇರೆ ದೇಶಗಳಲ್ಲೂ ಬೇರು ಬಿಟ್ಟಿವೆ. ಜರ್ಮನಿಯ ಹೆರ್ನ್‌ಹೂಟ್ ಎಂಬ ಊರಿನವರು ದಿನಕ್ಕೊಂದು ವೇದವಾಕ್ಯದಂತೆ 1731ರಿಂದ ಪುಸ್ತಕ ಮುದ್ರಿಸುತ್ತ ಬಂದಿದ್ದಾರೆ. ಮೆಥೊಡಿಸ್ಟ್ ಪಂಥ ಸ್ಥಾಪಿಸಿದ ಜಾನ್ ವೆಸ್ಲಿಯವರ ತಾಯಿ ಸುಸನ್ನ ಹತ್ತೊಂಬತ್ತು ಮಕ್ಕಳನ್ನು ಹೆತ್ತು ಒಂಬತ್ತನ್ನು ಎಳೆತನದಲ್ಲೇ ಕಳೆದುಕೊಂಡವರು. ಉಳಿದವರಲ್ಲಿ ಒಬ್ಬೊಬ್ಬರಿಗೆ ವಾರದ ಒಂದೊಂದು ಸಂಜೆಯೆಂದು ಗೊತ್ತುಮಾಡಿ, ಆ ಹೊತ್ತು ಆ ಮಗುವಿನೊಡನೆ ಮಾತ್ರ ಮಾತನಾಡುತ್ತಿದ್ದರು. ಹಣವಿಲ್ಲದ, ಕಷ್ಟದ ಮನೆ ಅದು. ಅಕ್ಕನಿಗೆ ಆ ತಾಯಿಯ ಮೇಲೆ ಬಹಳ ಗೌರವ. “ನನಗೆ ಎರಡೇ ಮಕ್ಕಳು, ಪುರುಸೊತ್ತಿಲ್ಲ ಎನ್ನಲಿಕ್ಕೆ ನಾಚಿಕೆಯಾಗುತ್ತದೆ” ಎಂದರು.

ಇಷ್ಟನ್ನೇ ಬರೆದರೆ ಇದು ಎಂದೂ ಗಾಳಿ ತಾಗದ ಮನೆಯೆಂದು ಓದುಗರು ತಿಳಿದಾರು. ನಡುಮನೆಯ ಗೋಡೆಯಲ್ಲಿ ಮೊಣಕಾಲೆತ್ತರಕ್ಕೆ ಒಂದು ಕಂದು ಗೆರೆ ಇದೆ. ಎರಡು ಸಲ ಸುಣ್ಣ ಹೊಡೆದರೂ ಹೋಗಲಿಲ್ಲವಂತೆ. 2023ರ ಡಿಸೆಂಬರಿನಲ್ಲಿ ಮಿಚಾಂಗ್ ಚಂಡಮಾರುತ ಬಂದಾಗ ಮಣಲಿ, ಎಣ್ಣೂರುಗಳು ಮುಳುಗಿದ್ದು ನೆನಪಿರಬಹುದು. ನೆರೆಯ ನೀರಿನಲ್ಲಿ ಎಣ್ಣೆ ಬೆರೆತು ಎಣ್ಣೂರಿನ ಅಳಿವೆಯ ತನಕ ಹರಡಿ, ಬೆಸ್ತರ ದೋಣಿ, ಬಲೆಗಳೆಲ್ಲ ಕಪ್ಪಾದುವು. ಆ ಎಣ್ಣೆನೀರು ಈ ಮನೆಗೂ ಬಂತು. ದಾಖಲೆ ಪತ್ರಗಳು, ಅಜ್ಜಿಯ ಮಾತ್ರೆಗಳು ಎಂದಿನಂತೆ ಒಂದೇ ಡಬ್ಬಿಯಲ್ಲಿದ್ದುದರಿಂದ ಅದನ್ನೆತ್ತಿಕೊಂಡು ಮಹಡಿಯ ತಮಿಳು ಕುಟುಂಬದವರಲ್ಲಿಗೆ ಏರಿದರು. ಅವರು ಮೂರು ದಿನ ಅನ್ನ ಹಾಕಿದರು. ಆದರೆ ಕೆಳಗಿನ ಕಪಾಟಿನಲ್ಲಿದ್ದ ದೊಡ್ಡ ಕನ್ನಡ ಬೈಬಲನ್ನು ಕತ್ತಲೆಯಲ್ಲಿ ಯಾರೂ ನೆನೆಯಲಿಲ್ಲ. ಅದರ ಮೊದಲ ಹಾಳೆಗಳಲ್ಲಿ ಮನೆತನದ ನಾಲ್ಕು ತಲೆಮಾರಿನ ಹುಟ್ಟು, ಮದುವೆ, ಮರಣಗಳನ್ನು ಹಿರಿಯರು ಶಾಯಿಯಲ್ಲಿ ಬರೆದಿಟ್ಟಿದ್ದರು.

ನೀರು ಇಳಿದ ಮೇಲೆ ಪುಸ್ತಕ ಸಿಕ್ಕಿತು, ಶಾಯಿ ಕಲಸಿಹೋಗಿತ್ತು. ಅಜ್ಜಿ ಅತ್ತರು. ಆಮೇಲಿನ ಎರಡು ತಿಂಗಳು ಪ್ರಾರ್ಥನೆಯ ಪಟ್ಟಿ ಗೋಡೆಯ ಮೇಲಿರಲಿಲ್ಲ. ಈ ಊರೇ ಬೇಡವೆಂದು ಯಜಮಾನರು. ಮಕ್ಕಳ ಓದು ಕೆಡುತ್ತದೆಂದು ಅಕ್ಕ. ದಿನವೂ ಮಾತಿಗೆ ಮಾತು. ಕೊನೆಗೆ ಒಂದು ಸಂಜೆ ಅಜ್ಜಿ ಎಲ್ಲರನ್ನೂ ಕರೆದಾಗ ಮಗ ಬಾಗಿಲಲ್ಲೇ ನಿಂತು, “ಪ್ರಾರ್ಥನೆ ಮಾಡುವ ಮನೆಗೂ ನೀರು ಬಂತಲ್ಲ ಅಜ್ಜಿ?” ಎಂದನಂತೆ.

“ಬಂತು ಮಗಾ. ನೀರು ಯಾರ ಮನೆಯೆಂದು ಕೇಳಿ ಬರುವುದಿಲ್ಲ. ಅದು ಹೋದ ಮೇಲೆ ನಾವು ಐದು ಜನ ಒಟ್ಟಿಗೆ ಕೂತುಕೊಳ್ಳಲಿಕ್ಕೆ ಒಂದು ಜಾಗ ಬೇಕಲ್ಲ? ನನಗೆ ಇದೊಂದೇ ಜಾಗ ಗೊತ್ತು.”

ಅವನು ಅಂದು ಕೂರಲಿಲ್ಲ. ಯಾರೂ ಒತ್ತಾಯಿಸಲೂ ಇಲ್ಲ. ಮತ್ತೆ ಯಾವಾಗಲೋ ಬಂದು ಕುಳಿತ. ಈಗಲೂ ಕೆಲವು ದಿನ ಹಾಡುವುದಿಲ್ಲ, ಸುಮ್ಮನಿರುತ್ತಾನೆ. ಅಳಿಸಿಹೋದ ಹೆಸರುಗಳನ್ನು ಅಜ್ಜಿ ನೆನಪಿನಿಂದ ಹೇಳಿ ಮೊಮ್ಮಗಳಿಂದ ಒಂದು ದಪ್ಪ ನೋಟುಬುಕ್ಕಿನಲ್ಲಿ ಬರೆಯಿಸಿದರು. ಹುಡುಗಿ ಶಾಲೆಯಲ್ಲಿ ಕಲಿಯುವುದು ತಮಿಳು, ಇಂಗ್ಲಿಷು. ಭಾನುವಾರ ಹೋಗುವುದು ತಮಿಳು ಸಭೆಗೆ. ಕನ್ನಡದಲ್ಲಿ ಅವಳಿಗೆ ಓದಲು ಬರುತ್ತಿತ್ತು, ಬರೆಯಲು ಬರುತ್ತಿರಲಿಲ್ಲ. ತನ್ನ ಮುತ್ತಜ್ಜಂದಿರ ಹೆಸರುಗಳನ್ನು ಬರೆಯುತ್ತ ಬರೆಯುತ್ತ ಒತ್ತಕ್ಷರ ಕಲಿತಳು. ಆ ನೋಟುಬುಕ್ಕನ್ನು ನಮಗೆ ತಂದು ತೋರಿಸಿದಳು. ಮೊದಲ ಪುಟದಲ್ಲಿ ತಪ್ಪುಗಳು ಹಲವು. ಕೊನೆಯ ಪುಟದಲ್ಲಿ ಒಂದೂ ಇಲ್ಲ.

ಅಂದು ಏಳೂವರೆಗೆ ಚಾಪೆ ಹಾಸಿ ಕುಳಿತರು. ನಾವು ಬೇರೆ ಮತದವರು. ಒಂದು ಬದಿಗೆ ಕುಳಿತೆವು. ಒಂದು ಹಾಡು, ಒಬ್ಬೊಬ್ಬರು ಎರಡೆರಡು ವಾಕ್ಯದಂತೆ ಓದು, ಅಜ್ಜಿಯ ಪ್ರಾರ್ಥನೆ. ಮಹಡಿಯವರ ಕಾಯಿಲೆಯ ಮಗುವಿನ ಹೆಸರೂ, ನಮ್ಮ ದೂರದ ಮಗಳ ಹೆಸರೂ ಅದರಲ್ಲಿ ಬಂದಿತು. ಹೊರಗೆ ಲಾರಿಯ ಹಾರನ್ನು ನಿಂತಿರಲಿಲ್ಲ. ಎಲ್ಲ ಸೇರಿ ಹದಿನೈದು ನಿಮಿಷ. ಆಮೇಲೆ ಗಂಜಿ, ಮೀನಿನ ಸಾರು. ನಮಗೆಂದು ಬೇರೆ ಮಾಡಿದ ಹೆಸರುಕಾಳಿನ ಗಸಿ. ಮಗ ದಿನದ ಸುದ್ದಿ ಹೇಳಿ ಎಲ್ಲರನ್ನೂ ನಗಿಸಿದ.

ಮನೆಗೆ ಮರಳಿದ ಸಂಜೆ ನಾವು ಮೊದಲು ಮಾಡಿದ ಕೆಲಸ ಮೇಜಿನ ಮೇಲಿನ ಪತ್ರಿಕೆಗಳನ್ನು ಕಟ್ಟಿ ಹೊರಗಿಟ್ಟದ್ದು. ಎಂಟು ಗಂಟೆಗೆ ದೇವರ ದೀಪ ಹಚ್ಚಿ, ಯಾವುದಾದರೊಂದು ಕನ್ನಡ ಪುಸ್ತಕದ ಎರಡು ಪುಟ ಒಬ್ಬರು ಓದುವುದು, ಮತ್ತೊಬ್ಬರು ಕೇಳುವುದು, ಮಗಳಿಗೆ ಫೋನು ಮಾಡುವುದು, ಒಟ್ಟಿಗೆ ಉಣ್ಣುವುದು ಎಂದು ಗೊತ್ತುಮಾಡಿಕೊಂಡೆವು. ಮೊದಲ ವಾರದಲ್ಲೇ ಎರಡು ದಿನ ತಪ್ಪಿತು. ಮೂರನೆಯ ವಾರ, ಎಂಟು ಗಂಟೆಯಾದರೂ ನಾವು ಕರೆಯದಿದ್ದಾಗ, ಮಗಳೇ ಫೋನು ಮಾಡಿ, “ಇವತ್ತು ಓದು ಇಲ್ಲವಾ ಅಮ್ಮ?” ಎಂದಳು.

ಎದುರುಮನೆಯವರು ಮಣಲಿಯಲ್ಲಿ ಏನು ನೋಡಿದಿರೆಂದು ಮತ್ತೆ ಕೇಳಿದರು. ಒಂದು ದಿನ ರಾತ್ರಿ ಎಂಟಕ್ಕೆ ನಮ್ಮಲ್ಲಿಗೆ ಊಟಕ್ಕೆ ಬನ್ನಿ ಎಂದು ಕರೆದಿದ್ದೇವೆ.