ಪಲ್ಯಕ್ಕೊಂದು ಸೌಟು

ತರಕಾರಿ ತಿನ್ನಿ ಅಂತ ಹೇಳದ ಡಾಕ್ಟರು ಎಲ್ಲಾದರೂ ಇದ್ದಾರೆಯೇ? ಮಂಡಿ ನೋವು ಅಂತ ಹೋದರೂ ಬಾಗಿಲು ದಾಟುವಾಗ ಆ ಮಾತೊಂದು ಬಂದೇ ಬರುತ್ತದೆ. ನಾವೂ ತಲೆ ಆಡಿಸುತ್ತೇವೆ. ಆದರೆ ಎಷ್ಟು ತಿನ್ನಬೇಕು ಅಂತ ಕೇಳಿದವರು ಕಡಿಮೆ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ 2024ರ ಮಾರ್ಗಸೂಚಿಯಲ್ಲಿ ಲೆಕ್ಕ ಕೊಟ್ಟಿದೆ: ದಿನಕ್ಕೆ 400 ಗ್ರಾಂ, ಅದರಲ್ಲಿ 100 ಗ್ರಾಂ ಸೊಪ್ಪೇ ಆಗಿರಬೇಕು. ಹಣ್ಣು ಬೇರೆ. ನಾಲ್ಕು ಜನರ ಮನೆಗೆ ಒಂದೂವರೆ ಕಿಲೋ ದಾಟಿತಲ್ಲ! ಆಲೂಗಡ್ಡೆ ಸೇರಿಸಿ ತೂಕ ಸರಿಮಾಡೋಣ ಎಂದರೆ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಈ ಲೆಕ್ಕಕ್ಕೇ ಹಿಡಿಯುವುದಿಲ್ಲ.

ಆಲೂಗಡ್ಡೆ ಎಂದಾಗ ನೆನಪಾಯಿತು. ದಕ್ಷಿಣ ಅಮೆರಿಕದಿಂದ ಹಡಗು ಹತ್ತಿ ಬಂದ ಅದಕ್ಕೆ ನಮ್ಮ ಎಷ್ಟೋ ಮನೆಗಳ ಶ್ರಾದ್ಧದ ಅಡುಗೆಯಲ್ಲಿ ಇಂದಿಗೂ ಪ್ರವೇಶವಿಲ್ಲ. ಟೊಮೆಟೊಗೂ ಇಲ್ಲ. ಅಲ್ಲಿ ಬಾಳೆಕಾಯಿ, ಹಾಗಲ, ಗೋರಿಕಾಯಿಗಳದೇ ದರ್ಬಾರು. ಇನ್ನು ಚಾತುರ್ಮಾಸ್ಯದ ಮೊದಲ ತಿಂಗಳು ಶಾಕವ್ರತ. ಅದನ್ನು ಹಿಡಿದವರು ಸೊಪ್ಪು ತರಕಾರಿ ಮುಟ್ಟುವುದಿಲ್ಲ, ಹೆಸರುಬೇಳೆ, ಮೆಣಸು, ಜೀರಿಗೆಯಲ್ಲೇ ಊಟ ಸಾಗಿಸುತ್ತಾರೆ. ಯೋಚಿಸಿ ನೋಡಿ, ಒಂದು ತಿಂಗಳು ತರಕಾರಿ ಬಿಡುವುದನ್ನೇ ವ್ರತ ಅನ್ನಬೇಕಾದರೆ ಉಳಿದ ತಿಂಗಳುಗಳಲ್ಲಿ ಎಷ್ಟು ತಿನ್ನುತ್ತಿದ್ದಿರಬೇಕು! ಬಾದಾಮಿಯ ಬನಶಂಕರಿಗಂತೂ ಬನದ ಹುಣ್ಣಿಮೆಯ ಜಾತ್ರೆ ಹೊತ್ತಿಗೆ ಪಲ್ಲೇದ ಹಬ್ಬ, 108 ಬಗೆಯ ತರಕಾರಿ ಅಡುಗೆಯ ನೈವೇದ್ಯ. ಬರಗಾಲದಲ್ಲಿ ಲೋಕಕ್ಕೆ ಸೊಪ್ಪು ತರಕಾರಿ ಉಣಿಸಿದ ಶಾಕಂಬರಿ ಅವಳೇ ಎಂಬ ನಂಬಿಕೆ.

ಅದಿರಲಿ, 400 ಗ್ರಾಂ ಹೊಟ್ಟೆಗೆ ಇಳಿಯುವುದು ಹೇಗೆ? ಸೌತೆ, ಕ್ಯಾರೆಟ್ಟು ಹೆಚ್ಚಿ ತಟ್ಟೆ ತುಂಬ ಮೆಲ್ಲುವುದು ಎಲ್ಲರಿಗೂ ಒಗ್ಗದು. ನನ್ನ ಓಟು ಬಸ್ಸಾರಿಗೆ. ದಂಟಿನ ಸೊಪ್ಪು ಸೋಸಿ, ಎರಡು ಮೂರು ನೀರಿನಲ್ಲಿ ಮರಳು ಹೋಗುವಂತೆ ತೊಳೆದು, ಅಲಸಂದೆ ಕಾಳಿನೊಂದಿಗೆ ಬೇಯಿಸಿ ಕಟ್ಟು ಬಸಿಯಬೇಕು. ಆ ಕಟ್ಟಿಗೆ ಈರುಳ್ಳಿ, ಬೆಳ್ಳುಳ್ಳಿ, ಮೆಣಸು, ಜೊತೆಗೆ ಬೆಂದ ಸೊಪ್ಪು ಕಾಳನ್ನೇ ಒಂದು ಹಿಡಿ ಹಾಕಿ ರುಬ್ಬಿದ ಖಾರ ಬೆರೆಸಿ ಕುದಿಸಿದರೆ ಸಾರು. ಮಿಕ್ಕ ಸೊಪ್ಪಿಗೆ ಒಣಮೆಣಸಿನಕಾಯಿಯ ಒಗ್ಗರಣೆ, ಮೇಲೆ ಕಾಯಿತುರಿ, ಪಲ್ಯ ತಯಾರ್. ನೀರೂ ಚೆಲ್ಲಲಿಲ್ಲ, ಸೊಪ್ಪಿನ ಸಾರವೂ ಹೋಗಲಿಲ್ಲ. ಪಾತ್ರೆಯ ಕಂಠಕ್ಕೆ ಬಂದಿದ್ದ ಸೊಪ್ಪು ಬೆಂದ ಮೇಲೆ ತಳಕ್ಕಿಳಿದಿರುತ್ತದೆ. ಅದಕ್ಕೇ ಲೆಕ್ಕ ನೋಡಿ ಗಾಬರಿಯಾಗಬೇಡಿ ಎನ್ನುವುದು!

ಧಾರವಾಡ, ವಿಜಯಪುರದ ಕಡೆಯವರಿಗೆ ಇಷ್ಟು ಸಂಭ್ರಮವೂ ಬೇಡ. ಜೋಳದ ರೊಟ್ಟಿಯ ಪಕ್ಕ ಹಸಿ ಮೆಂತ್ಯ, ಹಕ್ಕರಕಿ, ಉಳ್ಳಾಗಡ್ಡಿ ಇಟ್ಟರಾಯಿತು. ಪುಂಡಿಪಲ್ಯ ಇದ್ದರೆ ಇನ್ನೊಂದು ರೊಟ್ಟಿ ತಾನಾಗಿ ಇಳಿಯುತ್ತದೆ. ಕರಾವಳಿಯಲ್ಲಿ ಬಸಳೆ, ಹರಿವೆ, ಮಟ್ಟುಗುಳ್ಳ. ಮಲೆನಾಡಿನಲ್ಲಿ ಬೇಲಿ ಬದಿಯ ಒಂದೆಲಗವನ್ನೂ ಬಿಡದೆ ತಂಬುಳಿ. ಇಷ್ಟೆಲ್ಲ ಬಲ್ಲ ನಾಡಿನಲ್ಲಿ ಪಲ್ಯ ಈಗ ಉಪ್ಪಿನಕಾಯಿಯಂತೆ ತಟ್ಟೆಯಂಚಿಗೆ ಸರಿದಿದೆಯಲ್ಲ, ನನಗೆ ನಿಜವಾಗಿ ಬೇಸರ ಅದರದು. ಮದುವೆ ಮನೆಯ ಪಂಕ್ತಿಯಲ್ಲಿ ನೋಡಿ, ಕೋಸಂಬರಿ, ಪಲ್ಯ ಮೊದಲು ಬರುತ್ತವೆ, ಅನ್ನ ಆಮೇಲೆ. ಮನೆಯಲ್ಲಿ ಮಾತ್ರ ಅನ್ನದ ಗುಡ್ಡೆ ಎದ್ದ ಮೇಲೆ ಪಲ್ಯಕ್ಕೆ ಜಾಗ ಹುಡುಕುತ್ತೇವೆ.

ನಾಳೆ ಸೊಪ್ಪಿನ ಅಜ್ಜಿಯ ಹತ್ತಿರ ಒಂದು ಕಟ್ಟು ಜಾಸ್ತಿ ಕೊಳ್ಳಿ. ಬಡಿಸುವಾಗ ಪಲ್ಯಕ್ಕೆ ಚಮಚ ಬೇಡ, ಸೌಟು ಹಾಕಿ.